ಎಲ್ಲಾ ರಿಪೋರ್ಟ್ ನಾರ್ಮಲ್, ಆದರೂ ಎದೆಯೊಳಗೆ ಮೀನು ಹೊರಳಿದ ಹಾಗೆ. ಯಾರಿಗಾದರೂ ಹೀಗಾಗಿದೆಯಾ?

ಹಾಸನ_ಪಂಪ್‌ಸೆಟ್

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಹಾಸನದಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೀಡಿ ಸಿಗರೇಟ್ ಇಲ್ಲ, ಬಿಪಿ ಇಲ್ಲ, ಶುಗರ್ ಇಲ್ಲ. ಆದರೂ ಎಂಟು ತಿಂಗಳಿಂದ ಎದೆಯಲ್ಲಿ ಏನೋ ಆಗುತ್ತಿದೆ. ಏನು ಅಂತ ಯಾರೂ ಹೇಳುತ್ತಿಲ್ಲ.

ಸುಮ್ನೆ ಕೂತಿರುತ್ತೇನೆ. ಎದೆಯೊಳಗೆ ಒಂದು ಮೀನು ಹೊರಳಿದ ಹಾಗಾಗುತ್ತದೆ. ಆಮೇಲೆ ಒಂದು ಕ್ಷಣ ಏನೂ ಇಲ್ಲ, ಪೂರ್ತಿ ಖಾಲಿ. ಆ ಖಾಲಿಯಲ್ಲೇ ಜೀವ ಬಾಯಿಗೆ ಬರುತ್ತದೆ. ಮರುಕ್ಷಣ ಧಡ್ ಅಂತ ಒಂದು ಹೊಡೆತ, ಗಂಟಲಿನವರೆಗೆ ಕೇಳುತ್ತದೆ. ಕೆಲವು ದಿನ ಎರಡು ಸಲ, ಕೆಲವು ದಿನ ಲೆಕ್ಕವೇ ಇಲ್ಲ. ಎಡ ಮಗ್ಗುಲಿಗೆ ಮಲಗಿದರೆ ಜಾಸ್ತಿ. ರಾತ್ರಿ ಮೂರು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಕೂತು, ಕತ್ತಿನ ಹತ್ತಿರ ಎರಡು ಬೆರಳಿಟ್ಟುಕೊಂಡು ಗಡಿಯಾರ ನೋಡುತ್ತಾ ಎಣಿಸುತ್ತೇನೆ. ನನ್ನ ಹೆಂಡತಿಯೂ ಈಗ ನಿದ್ದೆಯಲ್ಲೇ ನನ್ನ ಎದೆ ಮೇಲೆ ಕೈಯಿಟ್ಟು ನೋಡುತ್ತಾಳೆ.

ಇಸಿಜಿ ನಾಲ್ಕು ಸಲ, ಹೃದಯದ ಸ್ಕ್ಯಾನ್ ಮಾಡುವ ಎಕೋ ಎರಡು ಸಲ, ಓಡಿಸಿ ನೋಡುವ ಟಿಎಂಟಿ ಒಂದು ಸಲ ಆಗಿದೆ. ಎಲ್ಲಾ ನಾರ್ಮಲ್. ಕೊನೆಗೆ ತೋರಿಸಿದ ಡಾಕ್ಟರ್ ಎರಡೇ ನಿಮಿಷ ನೋಡಿ, "ನಿಮಗೇನೂ ಇಲ್ಲ ಕಣ್ರೀ, ಟೆನ್ಷನ್ ಮಾಡ್ಕೋಬೇಡಿ" ಅಂತ ಗ್ಯಾಸಿನ ಮಾತ್ರೆ ಬರೆದು ಕಳಿಸಿದರು. ಏನೂ ಇಲ್ಲ ಅಂದ ಮೇಲೆ ಇದು ಏನು?

ಇನ್ನೊಂದು ಮಾತು. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ದಿನಕ್ಕೊಂದು ಹೃದಯಾಘಾತದ ಸುದ್ದಿ ಬರುತ್ತಿತ್ತಲ್ಲ, ಆಗ ನಮ್ಮ ಬೀದಿಯ ಆಟೋ ಓಡಿಸುವ ಗೆಳೆಯನೂ ಹೋಗಿಬಿಟ್ಟ. ನನಗಿಂತ ಎರಡು ವರ್ಷ ದೊಡ್ಡವನು. ಅದಾದ ಮೇಲೆ ನನಗೆ ಇದು ಶುರುವಾಯಿತೋ, ಮೊದಲೇ ಇದ್ದದ್ದು ಆಮೇಲೆ ಗೊತ್ತಾಯಿತೋ, ಹೇಳೋಕೆ ಆಗುತ್ತಿಲ್ಲ.

ಬೇಲೂರು_ಹುಡುಗಿ

ಅಯ್ಯೋ, ಮೀನು ಹೊರಳಿದ ಹಾಗೆ ಅಂದಿರಲ್ಲ, ಅದೇ ಅದೇ! ನಾನು ಎರಡು ವರ್ಷದಿಂದ ಇದಕ್ಕೆ ಮಾತು ಹುಡುಕುತ್ತಿದ್ದೆ.

ಅರಸೀಕೆರೆ_ತೆಂಗು

ಗ್ಯಾಸ್ಟ್ರಿಕ್ ಸಾರ್ ಅದು, ನೂರಕ್ಕೆ ನೂರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಜೀರಿಗೆ ನೀರು ಕುಡಿಯಿರಿ. ನನಗೂ ಇತ್ತು, ಒಂದು ತಿಂಗಳಲ್ಲಿ ಹೋಯಿತು.

ಪಟ್ಟಣದ_ಮಗಳು

ಮೇಲಿನವರಿಗೆ: ನೋಡದೆ ಮಾಡದೆ ಗ್ಯಾಸ್ಟ್ರಿಕ್ ಅಂತ ಹೇಳಬೇಡಿ, ದಯವಿಟ್ಟು. ನಮ್ಮದು ಚನ್ನರಾಯಪಟ್ಟಣದ ಹತ್ತಿರ ಹಳ್ಳಿ. ನಮ್ಮಪ್ಪನಿಗೆ ರಾತ್ರಿ ಊಟ ಆದ ಮೇಲೆ ಎದೆ ಉರಿ ಬಂತು. ಅಂಗಿ ಒದ್ದೆಯಾಗುವ ಹಾಗೆ ಬೆವರಿದರು. ಗ್ಯಾಸು ಅಂತ ಸೋಡಾ ಕೊಟ್ಟೆವು, ಜೀರಿಗೆ ನೀರು ಕೊಟ್ಟೆವು, ಬೆನ್ನು ತಿಕ್ಕಿದೆವು. ಎಡಗೈ ಸೆಳೆತ ಅಂದಾಗ ಅಮ್ಮ ಹರಳೆಣ್ಣೆ ಹಚ್ಚಿದಳು. ಮೂರು ಗಂಟೆ ಹೀಗೇ ಕಳೆಯಿತು. ಆಸ್ಪತ್ರೆ ಬಾಗಿಲಲ್ಲೇ ಹೋದರು. ಆ ಸೋಡಾ ಬಾಟಲಿ ಎಷ್ಟೋ ದಿನ ನಮ್ಮ ಜಗಲಿ ಮೇಲೇ ಇತ್ತು. ತೆಗೆದಿಡೋಕೆ ಯಾರಿಗೂ ಕೈ ಬರಲಿಲ್ಲ.

ಅರಸೀಕೆರೆ_ತೆಂಗು

ತಪ್ಪಾಯಿತು ತಾಯಿ. ನನಗೆ ಆದದ್ದನ್ನು ಹೇಳಿದೆ ಅಷ್ಟೇ. ನಿಮ್ಮ ನೋವು ಅರ್ಥವಾಗುತ್ತದೆ.

ನರ್ಸಮ್ಮ_ಚಿಕ್ಕಮಗಳೂರು

ನಾನು 31 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು, ಈಗ ನಿವೃತ್ತಿ. ಡಾಕ್ಟರ್ ಅಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗುತ್ತಿದೆ, ಅದನ್ನು ಬಿಡಿಸಲೇಬೇಕು.

ಪಟ್ಟಣದ ಮಗಳು ಹೇಳಿದ್ದು ಹೃದಯಾಘಾತ. ರಕ್ತನಾಳ ಕಟ್ಟಿಕೊಳ್ಳುವುದು. ಎದೆ ಮೇಲೆ ಕಲ್ಲು ಹೇರಿದ ಹಾಗೆ ಒತ್ತುವುದು, ಉರಿ, ಬೆವರು, ಕೈಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು, ಏದುಸಿರು, ವಾಂತಿ. ಇವು ಬಂದರೆ ಜೀರಿಗೆ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದ ಗೆಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಅನ್ನುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಎಷ್ಟೋ ಸಲ ನೋವೇ ಇರುವುದಿಲ್ಲ, ಬರೀ ಸುಸ್ತು, ಬೆವರು. ಅದೂ ನೆನಪಿರಲಿ.

ಪಂಪ್‌ಸೆಟ್ ಹೇಳುತ್ತಿರುವುದು ಬಡಿತದ ವಿಷಯ. ಅವರು ಬರೆದ ರೀತಿ ನೋಡಿದರೆ ಎಕ್ಟೋಪಿಕ್ ಬಡಿತ ಇದ್ದ ಹಾಗಿದೆ. ಹೃದಯ ಬಡಿತ ತಪ್ಪುತ್ತಿಲ್ಲ. ಒಂದು ಬಡಿತ ತನ್ನ ಸರದಿಗಿಂತ ಮುಂಚೆ ನುಗ್ಗಿಬಿಡುತ್ತದೆ. ಆಗ ಹೃದಯದಲ್ಲಿ ರಕ್ತ ಇನ್ನೂ ತುಂಬಿರುವುದಿಲ್ಲ, ಅದಕ್ಕೆ ಆ ಬಡಿತ ನಾಡಿಗೆ ಸರಿಯಾಗಿ ಸಿಗುವುದಿಲ್ಲ. ಆಮೇಲೆ ಹೃದಯ ಸ್ವಲ್ಪ ಹೊತ್ತು ನಿಂತುಕೊಳ್ಳುತ್ತದೆ. ಆ ಹೊತ್ತಿನಲ್ಲಿ ರಕ್ತ ಜಾಸ್ತಿ ತುಂಬುತ್ತದೆ. ಮುಂದಿನ ಬಡಿತಕ್ಕೆ ಅಷ್ಟನ್ನೂ ಒಟ್ಟಿಗೆ ತಳ್ಳಬೇಕು, ಅದೇ ನಿಮ್ಮ ಧಡ್. ಎಡ ಮಗ್ಗುಲಿಗೆ ಮಲಗಿದರೆ ಹೃದಯ ಪಕ್ಕೆಲುಬಿನ ಹತ್ತಿರಕ್ಕೆ ಬರುತ್ತದೆ, ಅದಕ್ಕೇ ಜಾಸ್ತಿ ಗೊತ್ತಾಗುವುದು.

ಚೆನ್ನಾಗಿರುವ ಹೃದಯದಲ್ಲೂ ಇಂಥ ಬಡಿತ ಬರುತ್ತವೆ. ಕೆಲವರಿಗೆ ಗೊತ್ತೇ ಆಗುವುದಿಲ್ಲ, ಕೆಲವರಿಗೆ ಒಂದೊಂದೂ ಗೊತ್ತಾಗುತ್ತದೆ. ನಿಮಗೆ ಹೋಲ್ಟರ್ ಹಾಕಿದ್ದರಾ?

ಹಾಸನ_ಪಂಪ್‌ಸೆಟ್

ಇಲ್ಲ ಅಮ್ಮಾ. ಹೋಲ್ಟರ್ ಅಂದರೆ ಏನು ಅಂತಲೂ ಗೊತ್ತಿಲ್ಲ.

ನೀವು ಹೇಳಿದ್ದು ಓದಿ ಮೈ ಜುಮ್ ಅಂತು. ನನ್ನ ಕೆಲಸದಲ್ಲಿ ದಿನಾ ನೋಡುವುದೇ ಅದು. ಬೋರಿನಲ್ಲಿ ನೀರು ಇಳಿದಾಗ ಪೈಪಿನಲ್ಲಿ ಗಾಳಿ ಸೇರುತ್ತದೆ. ಪಂಪು ಒಂದು ಸಲ ಖಾಲಿ ಹೊಡೆದು, ಒಂದು ಕ್ಷಣ ಬಿಟ್ಟು, ಆಮೇಲೆ ದಬ್ ಅಂತ ನೀರು ಎಸೆಯುತ್ತದೆ. ಎಂಟು ತಿಂಗಳಲ್ಲಿ ಯಾರಾದರೂ ಇಷ್ಟು ಬಿಡಿಸಿ ಹೇಳಿದ್ದರೆ ಸಾಕಿತ್ತು.

ನರ್ಸಮ್ಮ_ಚಿಕ್ಕಮಗಳೂರು

ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನಷ್ಟು ಬಡಿತ ಮಾತ್ರ. ನಿಮ್ಮ ಮೀನು ಆ ಹತ್ತು ಸೆಕೆಂಡಿನಲ್ಲಿ ಹೊರಳದಿದ್ದರೆ ಕಾಗದದಲ್ಲಿ ಬರುವುದಿಲ್ಲ. ಹೋಲ್ಟರ್ ಅಂದರೆ ಎದೆಗೆ ವೈರು ಅಂಟಿಸಿ, ಸೊಂಟಕ್ಕೆ ಚಿಕ್ಕ ಡಬ್ಬಿ ಕಟ್ಟಿ, 24 ಅಥವಾ 48 ಗಂಟೆ ಎಲ್ಲಾ ಬಡಿತವನ್ನೂ ಬರೆದುಕೊಳ್ಳುವುದು. ಕೇಳಿ ಮಾಡಿಸಿಕೊಳ್ಳಿ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಪೊಟ್ಯಾಸಿಯಂ ನೋಡಿಸಿ.

ಬೇಲೂರು_ಹುಡುಗಿ

ನನಗೆ ಕೊನೆಗೆ ಸಿಕ್ಕಿದ್ದು ಹಿಮೋಗ್ಲೋಬಿನ್! 7.8 ಇತ್ತು. ಮೆಟ್ಟಿಲು ಹತ್ತಿದರೆ ಎದೆ ಢವಢವ. ಎಲ್ಲರೂ "ಮದುವೆ ವಯಸ್ಸು, ಏನೋ ಯೋಚನೆ ಮಾಡ್ತಾಳೆ" ಅಂತಿದ್ದರು. ಕಬ್ಬಿಣದ ಮಾತ್ರೆ ಮೂರು ತಿಂಗಳು ತಿಂದ ಮೇಲೆ ಢವಢವ ನಿಂತಿತು. ಮೀನು ಮಾತ್ರ ಅಪರೂಪಕ್ಕೆ ಬರುತ್ತದೆ, ಅದಕ್ಕೆ ಹೆದರುವುದಿಲ್ಲ.

ಕಡೂರು_ಅಜ್ಜಿಮನೆ

ನಮ್ಮತ್ತೆಗೆ ಥೈರಾಯ್ಡ್ ಮಾತ್ರೆ ಡೋಸ್ ಜಾಸ್ತಿಯಾಗಿ ಇದೇ ಆಗಿತ್ತು. ಕಡಿಮೆ ಮಾಡಿದ ಮೇಲೆ ಸರಿಹೋಯಿತು. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ.

ಮೂಡಿಗೆರೆ_ಮಳೆ

ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ "ಎಲ್ಲಾ ಟೆನ್ಷನ್" ಅನ್ನುವ ಮಾತು ನನ್ನ ಆರು ವರ್ಷ ತಿಂದಿದೆ.

ನನಗೆ ಮೀನು ಹೊರಳುವುದಲ್ಲ. ಸ್ವಿಚ್ ಹಾಕಿದ ಹಾಗೆ. ಕಾಫಿ ಕಣದಲ್ಲಿ ಬಗ್ಗಿ ಹಣ್ಣು ಹರವುತ್ತಿರುತ್ತೇನೆ, ಒಂದೇ ಕ್ಷಣಕ್ಕೆ ಎದೆ ಓಡೋಕೆ ಶುರು. ಎಣಿಸೋಕೆ ಆಗುವುದಿಲ್ಲ, ಅಷ್ಟು ಜೋರು. ಕುತ್ತಿಗೆಯ ನರ ಹಾರುವುದು ಎದುರಿಗಿದ್ದವರಿಗೂ ಕಾಣಿಸುತ್ತಿತ್ತು. ಇಪ್ಪತ್ತು ನಿಮಿಷ, ಅರ್ಧ ಗಂಟೆ. ಆಮೇಲೆ ಸ್ವಿಚ್ ಆರಿಸಿದ ಹಾಗೆ ನಿಂತುಬಿಡುತ್ತಿತ್ತು. ಎಸ್ಟೇಟಿನಿಂದ ಜೀಪು ಹತ್ತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮಾಮೂಲು. ಇಸಿಜಿ ನಾರ್ಮಲ್. ಒಬ್ಬರು ಮನಸ್ಸಿನ ಮಾತ್ರೆ ಕೊಟ್ಟರು. ಇನ್ನೊಬ್ಬರು ನನ್ನ ಗಂಡನನ್ನು ಹೊರಗೆ ಕರೆದು, "ಮನೇಲಿ ಏನಾದ್ರೂ ಜಗಳವಾ" ಅಂತ ಕೇಳಿದರು. ಅತ್ತೆ ದೃಷ್ಟಿ ತೆಗೆದರು, ಅಂತ್ರ ಕಟ್ಟಿಸಿದರು.

ಆರನೇ ವರ್ಷ, ಒಂದು ಆಷಾಢದ ಮಳೆಯಲ್ಲಿ ಅದು ಒಂದೂವರೆ ಗಂಟೆ ನಿಲ್ಲಲೇ ಇಲ್ಲ. ರಸ್ತೆಗೆ ಮರ ಬಿದ್ದಿತ್ತು. ಹುಡುಗರು ಕಡಿದು ದಾರಿ ಮಾಡಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬರು ಮಾತಾಡದೆ ಮೊದಲು ಇಸಿಜಿ ಹಾಕಿದರು. 194 ಬಡಿತ. ಆ ಕಾಗದವನ್ನು ನನಗೆ ತೋರಿಸಿ, "ನೋಡಿ, ಸಿಕ್ಕಿಬಿಟ್ಟಿತು" ಅಂದರು. ಅಳು ಬಂದುಬಿಟ್ಟಿತು ನನಗೆ. ಕಾಯಿಲೆ ಇದೆ ಅಂತ ಗೊತ್ತಾಗಿ ಖುಷಿಗೆ ಅತ್ತದ್ದು ಅದೊಂದೇ ಸಲ.

ಅದಕ್ಕೆ ಎಸ್‌ವಿಟಿ ಅನ್ನುತ್ತಾರೆ. ಹೃದಯದ ಕರೆಂಟು ಒಂದು ಅಡ್ಡದಾರಿ ಹಿಡಿದು ಅಲ್ಲೇ ಸುತ್ತು ಹೊಡೆಯುವುದು. ಬೆಂಗಳೂರಿನಲ್ಲಿ ಅಬ್ಲೇಶನ್ ಮಾಡಿದರು. ತೊಡೆಯ ರಕ್ತನಾಳದಿಂದ ತಂತಿ ಬಿಟ್ಟು ಆ ಅಡ್ಡದಾರಿಯನ್ನು ಸುಟ್ಟುಬಿಡುತ್ತಾರೆ. ಮಾರನೇ ದಿನ ಮನೆಗೆ ಬಂದೆ. ನಾಲ್ಕು ವರ್ಷ ಆಯಿತು, ಮತ್ತೆ ಬಂದಿಲ್ಲ.

ಪಂಪ್‌ಸೆಟ್ ಅವರೇ, ನಿಮ್ಮದು ಇದಲ್ಲ ಅನ್ನಿಸುತ್ತದೆ. ಆದರೆ ಇದನ್ನು ಓದುವ ಬೇರೆ ಯಾರಿಗಾದರೂ ಸ್ವಿಚ್ ಹಾಕಿದ ಹಾಗೆ ಆಗುತ್ತಿದ್ದರೆ, ಆಗುತ್ತಿರುವಾಗಲೇ ಇಸಿಜಿ ತೆಗೆಸಿ. ನಿಂತ ಮೇಲೆ ಹೋದರೆ ಏನೂ ಸಿಗುವುದಿಲ್ಲ.

ಶಿರಾಡಿ_ಡ್ರೈವರ್

ಮೂಡಿಗೆರೆ ಅಕ್ಕ, ಓದಿ ಕಣ್ಣು ತುಂಬಿತು. ನನ್ನ ತಂಗಿಗೂ ಹೀಗೇ. ಯಾರೋ ಕುತ್ತಿಗೆಯ ನರ ಒತ್ತಿದರೆ ನಿಲ್ಲುತ್ತದೆ ಅಂದರು. ಒತ್ತಬಹುದಾ?

ನರ್ಸಮ್ಮ_ಚಿಕ್ಕಮಗಳೂರು

ಕುತ್ತಿಗೆ ಒತ್ತುವ ಕೆಲಸ ಮನೆಯಲ್ಲಿ ಬೇಡವೇ ಬೇಡ. ವಯಸ್ಸಾದವರಿಗೆ ಅಲ್ಲಿಂದ ಗೆಡ್ಡೆ ಕಿತ್ತು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ಎಸ್‌ವಿಟಿ ಅಂತ ಗೊತ್ತಾದವರಿಗೆ ಡಾಕ್ಟರ್‌ಗಳು ಬೇರೊಂದು ಕ್ರಮ ಹೇಳಿಕೊಡುತ್ತಾರೆ. ಅರ್ಧ ಕೂತ ಭಂಗಿಯಲ್ಲಿ 10 ಎಂಎಲ್ ಸಿರಿಂಜಿನ ಬಾಯಿಗೆ 15 ಸೆಕೆಂಡ್ ಜೋರಾಗಿ ಊದುವುದು, ತಕ್ಷಣ ಅಂಗಾತ ಮಲಗಿಸಿ ಬೇರೆಯವರು ಎರಡೂ ಕಾಲು ಎತ್ತಿ 15 ಸೆಕೆಂಡ್ ಹಿಡಿಯುವುದು. 2015ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಹೋಲಿಸಿ ನೋಡಿದಾಗ ಬರೀ ಊದಿದವರಲ್ಲಿ ನೂರಕ್ಕೆ 17 ಜನಕ್ಕೆ ನಿಂತಿತು, ಕಾಲು ಎತ್ತಿದವರಲ್ಲಿ 43 ಜನಕ್ಕೆ. ತಂಗಿಗೆ ಮೊದಲು ಡಾಕ್ಟರ್ ನೋಡಲಿ, ಅವರೇ ತೋರಿಸಿಕೊಡಲಿ.

ಹೊಳೆನರಸೀಪುರ_23

ವಾಟ್ಸಾಪ್‌ನಲ್ಲಿ ಬಂದಿತ್ತು, ಒಬ್ಬರೇ ಇದ್ದಾಗ ಹೃದಯಾಘಾತ ಆದರೆ ಜೋರಾಗಿ ಕೆಮ್ಮುತ್ತಾ ಇರಬೇಕಂತೆ. ಎಲ್ಲರಿಗೂ ತಿಳಿಸಿ.

ನರ್ಸಮ್ಮ_ಚಿಕ್ಕಮಗಳೂರು

ಬೇಡ, ತಿಳಿಸಬೇಡಿ. ಅದು ಎಷ್ಟೋ ವರ್ಷದಿಂದ ಓಡಾಡುತ್ತಿರುವ ಸುಳ್ಳು. ಕೆಮ್ಮುತ್ತಾ ಕೂತರೆ ಹೊತ್ತು ಹೋಗುತ್ತದೆ ಅಷ್ಟೇ. 108.

ಹೊಳೆನರಸೀಪುರ_23

ಸರಿ. ಆದರೆ ಹಾಸನದ ಸಾವುಗಳೆಲ್ಲಾ ಕೋವಿಡ್ ಲಸಿಕೆಯಿಂದ ಅಂತ ಎಲ್ಲರೂ ಹೇಳುತ್ತಿದ್ದರಲ್ಲ? ಅದನ್ನು ಯಾಕೆ ಯಾರೂ ಮಾತಾಡುತ್ತಿಲ್ಲ?

ಪಟ್ಟಣದ_ಮಗಳು

ಮಾತಾಡಿದ್ದಾರೆ. 40 ದಿನದಲ್ಲಿ 20ಕ್ಕೂ ಹೆಚ್ಚು ಸಾವು ಅಂತ ಸುದ್ದಿಯಾದ ಮೇಲೆ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. 2025ರ ಜುಲೈನಲ್ಲಿ ವರದಿ ಬಂತು. ಹಿಂದಿಗಿಂತ ಹಾಸನದಲ್ಲಿ ಸಾವು ವಿಪರೀತ ಏರಿದ್ದು ಕಾಣಲಿಲ್ಲ, ಲಸಿಕೆಗೂ ಇದಕ್ಕೂ ಸಂಬಂಧ ಸಿಗಲಿಲ್ಲ ಅಂದರು. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಜಾಸ್ತಿ ಇದ್ದರು ಅಂತಲೂ ಇತ್ತು. ನಮ್ಮಪ್ಪ ಹೋದದ್ದು 2016ರಲ್ಲಿ. ಯಾವ ಲಸಿಕೆ ಇತ್ತು ಆಗ?

ಹೊಳೆನರಸೀಪುರ_23

ಸಮಿತಿ ಹೇಳಿದ್ದೆಲ್ಲಾ ನಂಬಬೇಕಾ?

ನಿರ್ವಾಹಕ

ಲಸಿಕೆ ಚರ್ಚೆ ಇಲ್ಲಿಗೆ ಸಾಕು. ಕೇಳಿದವರಿಗೆ ಉತ್ತರ ಸಿಗಲಿ.

ಶಿರಾಡಿ_ಡ್ರೈವರ್

ಡ್ರೈವರ್‌ಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಆ ಜೂನ್‌ನಲ್ಲಿ ನಾನು ಮೈಸೂರಿನ ಜಯದೇವಕ್ಕೆ ಬಾಡಿಗೆ ಹೋಗಿದ್ದೆ. ಬೆಳಗಿನ ಜಾವ ಐದಕ್ಕೇ ಗೇಟಿನ ಹೊರಗೆ ಸಾಲು. ಹಾಸನಾಂಬ ದೇವಸ್ಥಾನದ ಸಾಲು ನೋಡಿದ್ದೀರಲ್ಲ, ಹಾಗೆ. ಅರ್ಧಕ್ಕರ್ಧ ಜನ ನಮ್ಮ ಕಡೆಯವರೇ. ಎಲ್ಲರ ಕೈಯೂ ಎದೆ ಮೇಲೆ. ನಾನೂ ನಿಂತುಬಿಟ್ಟೆ, ನೋವು ಏನೂ ಇರಲಿಲ್ಲ, ಭಯಕ್ಕೆ. ಬಿಪಿ 160 ಮೇಲಿತ್ತು, ಅದು ಅವತ್ತೇ ಗೊತ್ತಾದದ್ದು. ಹಗಲೂ ರಾತ್ರಿ ಗಾಡಿ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ನಿದ್ದೆ ತಡೆಯೋಕೆ ಟೀ. ಹೊಗೆಸೊಪ್ಪು ಬಿಟ್ಟು ಏಳು ತಿಂಗಳು. ಎದೆ ಹೊಡೆದುಕೊಳ್ಳುವುದು ಅರ್ಧ ಕಡಿಮೆಯಾಗಿದೆ.

ಕೊಪ್ಪದ_ಅಡಿಕೆ

ಎಲೆ ಅಡಿಕೆಯನ್ನು ಬೈಯಬೇಡಿ, ಹೊಗೆಸೊಪ್ಪನ್ನು ಬೈಯಿರಿ.

ನರ್ಸಮ್ಮ_ಚಿಕ್ಕಮಗಳೂರು

ಅಡಿಕೆಯೂ ಕೆಲವರಿಗೆ ಎದೆ ಓಡಿಸುತ್ತದೆ, ಬಾಯಿ ಕ್ಯಾನ್ಸರಿಗೂ ದಾರಿ. ಬೇಜಾರು ಮಾಡಿಕೊಳ್ಳಬೇಡಿ.

ಬಾಳೆಹೊನ್ನೂರು_ಕಾಫಿ

ಇನ್ನು ಯಾರಾದರೂ ಬಂದು ಕಾಫಿ ಬಿಡಿ ಅನ್ನುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಎಲ್ಲಾ ಕಾಫಿಯೂ ಒಂದೇ ಅಲ್ಲ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. "ಚಿಕೋರಿ ಹಾಕಿದ್ದು ಕುಡಿದರೆ ಎದೆ ಹೊಡೆದುಕೊಳ್ಳುತ್ತೆ" ಅನ್ನುವವರು ಪುಡಿ ಯಾವುದು ಅಂತ ಮೊದಲು ನೋಡಲಿ.

2023ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 100 ಜನಕ್ಕೆ ಯಂತ್ರ ಕಟ್ಟಿ, ಒಂದು ದಿನ ಕಾಫಿ ಕುಡಿಸಿ, ಒಂದು ದಿನ ಬಿಡಿಸಿ ನೋಡಿದರು. ಹೃದಯದ ಮೇಲಿನ ಕೋಣೆಯ ಹೆಚ್ಚುವರಿ ಬಡಿತದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಕೆಳಗಿನ ಕೋಣೆಯದ್ದು ಮಾತ್ರ ಜಾಸ್ತಿಯಾಯಿತು, ದಿನಕ್ಕೆ 102 ಇದ್ದದ್ದು 154. ನಿದ್ದೆ ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆ. ಅಂದರೆ ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ. ಎರಡು ವಾರ ಬಿಟ್ಟು ನೋಡಿ, ವ್ಯತ್ಯಾಸ ಕಾಣದಿದ್ದರೆ ನೆಮ್ಮದಿಯಾಗಿ ಕುಡಿಯಿರಿ. ಸಂಜೆ ನಾಲ್ಕರ ಮೇಲೆ ಬೇಡ, ಅಷ್ಟೇ.

ಬೇಲೂರು_ಹುಡುಗಿ

ಕಾಫಿ ಬಿಟ್ಟ ಮೂರು ದಿನ ತಲೆ ಸಿಡಿಯಿತು ನನಗೆ.

ಬಾಳೆಹೊನ್ನೂರು_ಕಾಫಿ

ಒಂದೇ ಸಲ ಬಿಡಬಾರದು. ದಿನಕ್ಕೆ ಅರ್ಧ ಲೋಟ ಇಳಿಸುತ್ತಾ ಬನ್ನಿ. ಅಂದ ಹಾಗೆ ನಿಮ್ಮ ಕಡೆ ಕಾಫಿ ಹೂ ಬಿಡಿಸುವ ಹೂಮಳೆ ಆಯಿತಾ?

ಮೂಡಿಗೆರೆ_ಮಳೆ

ನಮ್ಮ ಕಡೆ ಒಂದು ಇಂಚು ಬಂತು. ಹೂವು ಚೆನ್ನಾಗಿ ಬಿಟ್ಟಿದೆ. ಹೂವಿನ ಬೆನ್ನಿಗೆ ಬರುವ ಮಳೆ ಇನ್ನೂ ಬೇಕು.

ಕೊಪ್ಪದ_ಅಡಿಕೆ

ಪಂಪ್‌ಸೆಟ್ ಅವರಿಗೆ ನಾನು ಬೇರೆ ಮಾತು ಹೇಳಬೇಕು. ಮೂರು ಗಂಟೆಗೆ ಎದ್ದು ನಾಡಿ ಎಣಿಸುತ್ತೀರಿ ಅಂದಿರಲ್ಲ, ಅಲ್ಲಿ ನಾನೂ ಇದ್ದೆ.

ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿದ್ದಾಗ ಮೊದಲ ಸಲ ಆಯಿತು. ಎದೆ ಓಡಿತು, ಕೈ ಜೋಮು ಹಿಡಿಯಿತು, ಬೆರಳು ಸೆಟೆದುಕೊಂಡಿತು, ಸತ್ತೇಹೋದೆ ಅಂದುಕೊಂಡೆ. ಕೊಟ್ಟಿಗೆಹಾರದಲ್ಲಿ ಇಳಿಸಿ ನೀರು ಕೊಟ್ಟರು. ಪರೀಕ್ಷೆ ಎಲ್ಲಾ ಸರಿ ಇತ್ತು. ಆಮೇಲೆ ಒಂದು ಸ್ಮಾರ್ಟ್ ವಾಚ್ ಕೊಂಡೆ. ಅದೇ ನಾನು ಮಾಡಿದ ತಪ್ಪು. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವಾಗ, ಊಟಕ್ಕೆ ಕೂತಾಗ, ಮಗಳ ಜೊತೆ ಮಾತಾಡುವಾಗ ನನ್ನ ಕಣ್ಣು ಮಣಿಕಟ್ಟಿನ ಮೇಲೇ. 88 ಕಂಡರೆ ಹೆದರಿಕೆ, ಹೆದರಿದ್ದಕ್ಕೆ 104, ಅದನ್ನು ನೋಡಿ 120. ಒಂದು ದಿನ ಮಗಳು, "ಅಪ್ಪಾ, ನೀನು ನನ್ನ ಮುಖ ನೋಡೇ ಇಲ್ಲ" ಅಂದಳು. ಅವತ್ತು ರಾತ್ರಿ ಬಿಚ್ಚಿ ಅಕ್ಕಿ ಡಬ್ಬಿಯೊಳಗೆ ಇಟ್ಟೆ.

ಭಯದಿಂದ ಬರುವ ಬಡಿತವೂ ನಿಜವಾದ ಬಡಿತವೇ. ಸುಳ್ಳಲ್ಲ, ನಾಟಕ ಅಲ್ಲ. "ಟೆನ್ಷನ್" ಅಂತ ಹೇಳಿ ಕಳಿಸುವವರಿಗೆ ಇದು ಗೊತ್ತಿಲ್ಲ. ಟೆನ್ಷನ್ ಅಂದ ಮೇಲೆ ಅದಕ್ಕೂ ಔಷಧಿ, ಕೌನ್ಸೆಲಿಂಗ್ ಕೊಡಬೇಕು ಅಲ್ವಾ? ಗ್ಯಾಸಿನ ಮಾತ್ರೆ ಕೊಟ್ಟರೆ ಹೇಗೆ? ನಾನು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಸರ್ಕಾರದ್ದು, ಪುಕ್ಕಟೆ. ಕನ್ನಡದಲ್ಲೇ ಮಾತಾಡಿದರು, ಅವಸರ ಮಾಡಲಿಲ್ಲ. ಉಸಿರು ನಿಧಾನ ಬಿಡುವುದನ್ನು ಹೇಳಿಕೊಟ್ಟು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ ಅಂದರು. ಹೋದೆ. ಎಂಟು ತಿಂಗಳ ಮಾತ್ರೆ, ಈಗ ನಿಲ್ಲಿಸಿದ್ದಾರೆ.

ಪಟ್ಟಣದ_ಮಗಳು

ಇದು ಸರಿ. ಆದರೂ ಒಮ್ಮೆ ಪೂರ್ತಿ ಪರೀಕ್ಷೆ ಆಗದೆ ಯಾರೂ ಇದನ್ನು ಭಯ ಅಂತ ತೀರ್ಮಾನ ಮಾಡಬಾರದು. ನಾನು ಇದನ್ನು ಬಿಡುವುದಿಲ್ಲ.

ಕೊಪ್ಪದ_ಅಡಿಕೆ

ಒಪ್ಪಿದೆ. ಮೊದಲು ಪರೀಕ್ಷೆ. ಆದರೆ ಐದನೇ ಇಸಿಜಿ, ಆರನೇ ಇಸಿಜಿ ಅಂತ ಹೋಗುತ್ತಲೇ ಇದ್ದರೆ ಅದೂ ಒಂದು ಚಟ. ನಾನು ಹನ್ನೊಂದು ತೆಗೆಸಿದ್ದೆ.

ನರ್ಸಮ್ಮ_ಚಿಕ್ಕಮಗಳೂರು

ಇಬ್ಬರೂ ಸರಿ. ಪರೀಕ್ಷೆ ಎಲ್ಲಾ ಆಗಿದ್ದರೂ ಇಂಥವು ಬಂದರೆ ಮತ್ತೆ ಹೋಗಲೇಬೇಕು: ಎದೆ ಓಡುವಾಗ ತಲೆ ಸುತ್ತಿ ಬಿದ್ದರೆ, ಓಡುವಾಗ ಅಥವಾ ಭಾರ ಎತ್ತುವಾಗಲೇ ಹೀಗಾದರೆ, ಎದೆ ಒತ್ತಿದರೆ, ಉಸಿರು ಕಟ್ಟಿದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ದಿಢೀರ್ ಹೋಗಿದ್ದರೆ. ಇನ್ನೊಂದು, 60 ದಾಟಿದವರ ನಾಡಿ ತಾಳವೇ ಇಲ್ಲದೆ ಹೇಗೆಂದರೆ ಹಾಗೆ ಹೊಡೆಯುತ್ತಿದ್ದರೆ ತಡ ಮಾಡಬೇಡಿ. ಅದರಿಂದ ಲಕ್ವ ಹೊಡೆಯಬಹುದು. ರಕ್ತ ಹೆಪ್ಪುಗಟ್ಟದ ಮಾತ್ರೆ ಬೇಕಾಗುತ್ತದೆ.

ಕಡೂರು_ಅಜ್ಜಿಮನೆ

ಬಿಪಿ ಮಿಷನ್ ಮನೆಗೆ ತರಬೇಕು ಅಂತಿದ್ದೇನೆ, ಮಣಿಕಟ್ಟಿಗೆ ಕಟ್ಟುವುದು ಒಳ್ಳೆಯದಾ, ತೋಳಿಗೆ ಕಟ್ಟುವುದಾ?

ನರ್ಸಮ್ಮ_ಚಿಕ್ಕಮಗಳೂರು

ತೋಳಿಗೆ. ಐದು ನಿಮಿಷ ಸುಮ್ನೆ ಕೂತ ಮೇಲೆ ನೋಡಿ.

ಹಾಸನ_ಪಂಪ್‌ಸೆಟ್

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಕೇಳಿ ಹೋಲ್ಟರ್ ಹಾಕಿಸಿಕೊಂಡೆ. ಎದೆಯ ಕೂದಲು ಬೋಳಿಸಿ ಐದು ಕಡೆ ಅಂಟಿಸಿದರು. ಡಬ್ಬಿ ಕಟ್ಟಿಕೊಂಡೇ ಅಂಗಡಿಯಲ್ಲಿ ಕೆಲಸ ಮಾಡಿದೆ. ಮೀನು ಹೊರಳಿದಾಗಲೆಲ್ಲಾ ಗಂಟೆ ಬರೆದಿಡಿ ಅಂತ ಒಂದು ಕಾಗದ ಕೊಟ್ಟಿದ್ದರು. ಮಗಳ ಪೆನ್ಸಿಲ್‌ನಲ್ಲಿ 23 ಸಲ ಬರೆದೆ.

ಈ ಸಲ ಬೇರೆ ಡಾಕ್ಟರ್. ಆ ಕಾಗದವನ್ನು ಕಂಪ್ಯೂಟರ್ ಪಕ್ಕದಲ್ಲಿಟ್ಟು ಒಂದೊಂದೇ ಗಂಟೆ ಹುಡುಕಿದರು. ಒಟ್ಟು ಒಂದು ಲಕ್ಷದ ಹತ್ತಿರ ಬಡಿತ, ಅದರಲ್ಲಿ ಹೆಚ್ಚುವರಿ 612. ನಾನು ಬರೆದ 23ರಲ್ಲಿ 19 ಅಲ್ಲಿ ಸರಿಯಾಗಿ ಇತ್ತು. ಗೆರೆಯನ್ನು ಬೆರಳಿಟ್ಟು ತೋರಿಸಿದರು: ಇದು ಮುಂಚೆ ಬಂದದ್ದು, ಇದು ಖಾಲಿ, ಇದು ನಿಮ್ಮ ಧಡ್. "ನೀವು ಹೇಳಿದ್ದು ನಿಜ, ಇದು ಇದೆ. ನಿಮ್ಮ ಹೃದಯ ಚೆನ್ನಾಗಿದೆ, ಇದರಿಂದ ಅದಕ್ಕೆ ತೊಂದರೆ ಇಲ್ಲ" ಅಂದರು. ಮಾತ್ರೆ ಸದ್ಯಕ್ಕೆ ಬೇಡವಂತೆ. ನಿದ್ದೆ ಸರಿ ಮಾಡಿಕೊಳ್ಳಿ, ಒಂದು ವರ್ಷಕ್ಕೆ ಬನ್ನಿ ಅಂದರು.

ಮೀನು ಹೋಗಿಲ್ಲ. ನಿನ್ನೆ ರಾತ್ರಿಯೂ ಎರಡು ಸಲ ಹೊರಳಿತು. ಎದ್ದು ಕೂರಲಿಲ್ಲ, ಬಲ ಮಗ್ಗುಲಿಗೆ ತಿರುಗಿದೆ.

ಮೂರು ರಾತ್ರಿಯಿಂದ ನನ್ನ ಹೆಂಡತಿ ಎದೆ ಮೇಲೆ ಕೈಯಿಟ್ಟು ನೋಡಿಲ್ಲ.

ಮೂಡಿಗೆರೆ_ಮಳೆ

ಆ 19 ಗೆರೆಯ ಕಾಗದ ಜೋಪಾನವಾಗಿ ಇಟ್ಟುಕೊಳ್ಳಿ. ನನ್ನದು ಇನ್ನೂ ಬೀರುವಿನಲ್ಲಿದೆ.

ಶಿರಾಡಿ_ಡ್ರೈವರ್

ತಂಗಿಗೆ ಸೋಮವಾರ ಹೋಲ್ಟರ್. ಅದನ್ನು ಹಾಕಿಕೊಂಡು ಸ್ನಾನ ಮಾಡಬಹುದಾ?

ಹಾಸನ_ಪಂಪ್‌ಸೆಟ್

ಮಾಡಬಾರದು, ಮೊದಲೇ ಮಾಡಿಕೊಂಡು ಹೋಗಲಿ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡಿ, ಅಂಟು ಕಿತ್ತುಬರುತ್ತದೆ. ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಹಾಕಲಿ. ಪೆನ್ಸಿಲ್ ಮರೆಯಬೇಡಿ.